ಚರ್ಚಿನ ಹಿಂದಿನ ಪಾಳು ಜಾಗದಲ್ಲಿ ಪ್ರಾರ್ಥನಾ ತೋಟ: ನಮ್ಮ ವಿಶ್ವಾಸದಲ್ಲಿ ತೋಟಕ್ಕೆ ಯಾವ ಸ್ಥಾನವಿದೆ?

ಪ್ರಶ್ನೆ — ಬನ್ನಿಮಂಟಪದ ಓದುಗ, ಮೈಸೂರು

ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಿನ ಹಿಂಭಾಗದಲ್ಲಿ, ಕಾಂಪೌಂಡ್ ಗೋಡೆಗೂ ಹಳೆಯ ಸ್ಟೋರ್ ರೂಮಿಗೂ ನಡುವೆ, ನಾಲ್ಕೈದು ಗುಂಟೆಯಷ್ಟು ಜಾಗ ಬಹಳ ವರ್ಷಗಳಿಂದ ಪಾಳುಬಿದ್ದಿದೆ. ಒಂದು ದೊಡ್ಡ ಹೊಂಗೆ ಮರ, ಮುರಿದ ಬೆಂಚುಗಳ ರಾಶಿ, ಮಳೆ ಬಿದ್ದೊಡನೆ ಎದೆಯೆತ್ತರ ಬೆಳೆದು ನಿಲ್ಲುವ ಪಾರ್ಥೇನಿಯಂ, ಇಷ್ಟೇ ಈಗ ಅಲ್ಲಿರುವುದು. ಈ ಸಲದ ಸಮಿತಿ ಸಭೆಯಲ್ಲಿ ಆ ಜಾಗವನ್ನು ಪ್ರಾರ್ಥನಾ ತೋಟವನ್ನಾಗಿ ಮಾಡೋಣವೆಂಬ ಮಾತು ಬಂತು. ಬಂದ ಕೂಡಲೇ ಸಭೆ ಮೂರು ಪಾಲಾಯಿತು.

ನಾವೆಲ್ಲರೂ ಗೌರವಿಸುವ ಹಿರಿಯರೊಬ್ಬರು, ಭಾನುವಾರ ದ್ವಿಚಕ್ರ ವಾಹನ ನಿಲ್ಲಿಸಲು ಜಾಗವಿಲ್ಲದಿರುವಾಗ ತೋಟ ಮಾಡುವುದು ಶೋಕಿಯೆಂದೂ, ಮರಗಿಡಗಳಲ್ಲಿ ದೇವರನ್ನು ಹುಡುಕುವುದು ನಮ್ಮ ವಿಶ್ವಾಸದ ದಾರಿಯಲ್ಲವೆಂದೂ ಹೇಳಿದರು. ಯುವಜನರು ಉತ್ಸಾಹದಿಂದ ಒಪ್ಪಿದರು, ಆದರೆ ಅವರ ಕಲ್ಪನೆಯಲ್ಲಿರುವುದು ಕೆ.ಆರ್.ಎಸ್.ನ ಬೃಂದಾವನದಂತೆ ಬಣ್ಣದ ದೀಪದ ಕಾರಂಜಿ, ಹುಲ್ಲುಹಾಸು, ಫೋಟೊ ತೆಗೆಸಿಕೊಳ್ಳಲು ಒಂದು ಕಮಾನು. ಇನ್ನು ಕೆಲವರು, ವಾರವಿಡೀ ದುಡಿದು ಬಂದವರಿಗೆ ಬಲಿಪೂಜೆಯ (ಮಾಸ್) ನಂತರ ಹತ್ತು ನಿಮಿಷ ಮೌನವಾಗಿ ಕುಳಿತುಕೊಳ್ಳಲು ಒಂದು ನೆರಳಿದ್ದರೆ ಸಾಕು ಎಂದರು. ಕೊನೆಗೆ ಮುಂದಿನ ಸಭೆಗೆ ಒಂದು ಟಿಪ್ಪಣಿ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿತ್ತು.

ನನ್ನ ಪ್ರಶ್ನೆಗಳು ಎರಡು. ಮನಸ್ಸು ಹೊಸದಾಗುವ, ವಿಶ್ವಾಸ ಚಿಗುರುವ ಸ್ಥಳವೆಂದು ತೋಟವನ್ನು ಕಾಣುವುದಕ್ಕೆ ಬೈಬಲ್ಲಿನಲ್ಲಿಯೂ ಧರ್ಮಸಭೆಯ ಪರಂಪರೆಯಲ್ಲಿಯೂ ಗಟ್ಟಿಯಾದ ಆಧಾರವಿದೆಯೇ, ಅಥವಾ ಇದು ಇತ್ತೀಚಿನ ಧ್ಯಾನಕೇಂದ್ರಗಳ ಮಾದರಿಯನ್ನು ನೋಡಿ ಹುಟ್ಟಿದ ಆಸೆಯೇ? ಆಧಾರವಿದೆಯೆಂದಾದರೆ, ಆ ಆಧಾರಕ್ಕೆ ತಕ್ಕ ತೋಟ ನಮ್ಮ ಮೈಸೂರಿನ ಮಣ್ಣಿನಲ್ಲಿ ಹೇಗಿರಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1 — ಗಂಜಾಂ ಕಡೆಯ ನಿವೃತ್ತ ಧರ್ಮೋಪದೇಶಕ

ಸಹೋದರರೇ, ಆಧಾರ ಖಂಡಿತ ಇದೆ. ಆದರೆ ಬೈಬಲ್ಲಿನ ತೋಟಗಳು ನಾವು ಸಾಮಾನ್ಯವಾಗಿ ಅಂದುಕೊಳ್ಳುವಷ್ಟು ಪ್ರಶಾಂತವಾದ ಜಾಗಗಳಲ್ಲ. ಟಿಪ್ಪಣಿ ಬರೆಯುವಾಗ ಇದನ್ನು ಮರೆಯಬೇಡಿ. ಜೊತೆಗೆ ನಿಮ್ಮ ಹಿರಿಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬೇಡಿ, ಏಕೆಂದರೆ ಅದಕ್ಕೆ ಉತ್ತರ ಮೊದಲ ಪುಟಗಳಲ್ಲೇ ಇದೆ.

ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಏದೆನ್ ತೋಟವನ್ನು ನೆಟ್ಟವರು ದೇವರು. ತೋಟ ದೇವರಲ್ಲ, ದೇವರ ಕೈಕೆಲಸ. ಅದೇ ಅಧ್ಯಾಯದ 15ನೆಯ ವಚನದ ಪ್ರಕಾರ ಮನುಷ್ಯನನ್ನು ಅಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಪಾಡುವುದಕ್ಕೆ. ಗಮನಿಸಿ, ಇದು ಪಾಪ ಪ್ರವೇಶಿಸುವುದಕ್ಕೆ ಮೊದಲಿನ ಮಾತು. ಮುಳ್ಳು, ಕಳೆ, ಹಣೆಯ ಬೆವರು ಇವು 3ನೆಯ ಅಧ್ಯಾಯದಲ್ಲಿ ಬಂದವು. ಗುದ್ದಲಿ ಹಿಡಿಯುವ ಕೆಲಸ ಮಾತ್ರ ಅದಕ್ಕೂ ಮೊದಲೇ ಇತ್ತು. ಆ 3ನೆಯ ಅಧ್ಯಾಯದಲ್ಲಿಯೇ ತಂಗಾಳಿ ಬೀಸುವ ಹೊತ್ತಿನಲ್ಲಿ ದೇವರು ತೋಟದಲ್ಲಿ ಸಂಚರಿಸುವ ಸಪ್ಪಳ ಕೇಳಿಸುತ್ತದೆ, ಮತ್ತು ಅದನ್ನು ಕೇಳಿದ ಆದಾಮ ಮತ್ತು ಹವ್ವ ಮರಗಳ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ತೋಟದಲ್ಲಿ ಕುಳಿತ ಮಾತ್ರಕ್ಕೆ ಮನುಷ್ಯ ದೇವರಿಗೆ ಹತ್ತಿರವಾಗುವುದಿಲ್ಲ, ಅಲ್ಲಿಯೂ ತಪ್ಪಿಸಿಕೊಳ್ಳಬಹುದು ಎಂಬುದನ್ನು ಇದಕ್ಕಿಂತ ನೇರವಾಗಿ ಯಾರು ಹೇಳಿಯಾರು? ನೀನೆಲ್ಲಿರುವೆ ಎಂಬ ಕರೆ ಬಂದದ್ದು ಆ ಅಡಗುತಾಣಕ್ಕೆ. ಪ್ರಾರ್ಥನಾ ತೋಟ ಎಂದರೆ ಆ ಕರೆ ಕಿವಿಗೆ ಬೀಳುವಷ್ಟು ಸದ್ದಿಲ್ಲದ ಜಾಗ; ನನಗೆ ತಿಳಿದ ಮಟ್ಟಿಗೆ ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ಇನ್ನು ಯೇಸುಸ್ವಾಮಿ ಬಂಧನದ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನಿ. ಜೆರುಸಲೇಮಿನ ಪೂರ್ವಕ್ಕೆ ಕೆದ್ರೋನ್ ಹಳ್ಳವನ್ನು ದಾಟಿದರೆ ಓಲಿವ್ ಗುಡ್ಡದ ಬುಡದಲ್ಲಿ ಆ ತೋಪು. ಶುಭಸಂದೇಶ ಬರೆದವರಲ್ಲಿ ಮತ್ತಾಯ ಮತ್ತು ಮಾರ್ಕ ಅದರ ಹೆಸರು ಹೇಳುತ್ತಾರೆ. ಅದು ತೋಟವೆಂದು ಹೇಳುವವರು ಯೊವಾನ್ನ. ಯೇಸುಸ್ವಾಮಿ ವಾಡಿಕೆಯಂತೆ ಗುಡ್ಡಕ್ಕೆ ಹೋದರೆಂದು ಲೂಕ ಬರೆದರೆ, ಯೇಸು ಶಿಷ್ಯರೊಡನೆ ಅಲ್ಲಿ ಆಗಾಗ ಸೇರುತ್ತಿದ್ದುದರಿಂದಲೇ ಅವರನ್ನು ಹಿಡಿದುಕೊಟ್ಟ ಯೂದನಿಗೆ ಆ ಸ್ಥಳ ಗೊತ್ತಿತ್ತೆಂದು ಯೊವಾನ್ನ ಬರೆಯುತ್ತಾರೆ. ಅಂದರೆ ಸಂಕಟದ ರಾತ್ರಿ ಅವರು ಹೊಸ ಜಾಗವನ್ನು ಹುಡುಕಿಕೊಂಡು ಹೋಗಲಿಲ್ಲ. ಒಳ್ಳೆಯ ದಿನಗಳಲ್ಲಿ ಕುಳಿತು ರೂಢಿಯಾಗಿದ್ದ ಜಾಗಕ್ಕೇ ಹೋದರು. ಆ ರಾತ್ರಿ ಅಲ್ಲಿ ನೆಮ್ಮದಿ ಇರಲಿಲ್ಲ. ರಕ್ತದ ಹನಿಗಳಂತೆ ಬೆವರು ಸುರಿಯಿತು, ಜೊತೆಗಿದ್ದವರು ನಿದ್ದೆಹೋದರು. ಇಂದು ಅಲ್ಲಿ ಫ್ರಾನ್ಸಿಸ್ಕನ್ ಸಭೆಯವರು ನೋಡಿಕೊಳ್ಳುವ ಎಂಟು ಮುದಿ ಓಲಿವ್ ಮರಗಳಿವೆ. ಅವುಗಳಲ್ಲಿ ಮೂರರ ಕಾಂಡವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಅವುಗಳ ವಯಸ್ಸು ಸುಮಾರು 900 ವರ್ಷ. ಯೇಸುವನ್ನು ಕಂಡ ಮರಗಳೇ ಅವು ಎಂದು ಹೇಳುವವರಿದ್ದಾರೆ. ಹಾಗೆ ಹೇಳದಿದ್ದರೂ ಆ ಸ್ಥಳದ ಘನತೆಗೆ ಕುಂದಿಲ್ಲ.

ಮೂರನೆಯದು ಸಮಾಧಿಯ ತೋಟ. ಶಿಲುಬೆಗೇರಿಸಿದ ಜಾಗದಲ್ಲಿಯೇ ಒಂದು ತೋಟವಿತ್ತು, ಅದರಲ್ಲಿ ಯಾರನ್ನೂ ಇಡದಿದ್ದ ಹೊಸ ಸಮಾಧಿಯಿತ್ತು ಎಂಬ ವಿವರ ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಮಾತ್ರ ಸಿಗುತ್ತದೆ. ಮುಂದಿನ ಅಧ್ಯಾಯದಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯ ಪುನರುತ್ಥಾನರಾದ ಪ್ರಭುವನ್ನು ಕಂಡು ತೋಟಗಾರನೆಂದು ತಿಳಿಯುತ್ತಾಳೆ. ಏದೆನಿನಲ್ಲಿ ತೋಟಗಾರನ ಕೆಲಸದಿಂದ ಹೊರದೂಡಲ್ಪಟ್ಟ ಮನುಷ್ಯಕುಲ ಇಲ್ಲಿ ತೋಟಗಾರನ ರೂಪದಲ್ಲಿಯೇ ಪ್ರಭುವನ್ನು ಮತ್ತೆ ಕಾಣುತ್ತದೆ ಎಂದು ಹಿಂದಿನ ಧರ್ಮಾಚಾರ್ಯರು ಈ ಭಾಗವನ್ನು ಧ್ಯಾನಿಸಿದ್ದಾರೆ.

ಪರಂಪರೆಯ ಮಾತಿಗೆ ಬಂದರೆ ನಾನು ಮೊದಲು ಸಂತ ಅಗಸ್ಟೀನರನ್ನೇ ನೆನೆಯುತ್ತೇನೆ. 386ರಲ್ಲಿ, ಮಿಲಾನ್ ನಗರದಲ್ಲಿ ತಾವಿದ್ದ ಮನೆಯ ತೋಟದಲ್ಲಿ, ಅವರು ಒಂದು ಅಂಜೂರದ ಮರದ ಕೆಳಗೆ ಬಿದ್ದು ಅತ್ತರು. ನೆರೆಮನೆಯ ಕಡೆಯಿಂದ ಮಗುವೊಂದು ತೆಗೆದುಕೊಂಡು ಓದು ಎಂದು ಹಾಡುವ ದನಿ ಕೇಳಿಸಿತು. ಪೌಲರ ಪತ್ರವನ್ನು ತೆರೆದಾಗ ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಮರುವರ್ಷದ ಪಾಸ್ಖ (ಈಸ್ಟರ್) ಹಬ್ಬದಲ್ಲಿ ಸಂತ ಅಂಬ್ರೋಸರು ಅವರಿಗೆ ದೀಕ್ಷಾಸ್ನಾನ ಕೊಟ್ಟರು. ಅವರನ್ನು ಬದಲಾಯಿಸಿದ್ದು ತೋಟದ ಸೊಬಗಲ್ಲ, ದೇವರ ವಾಕ್ಯ. ತೋಟ ಮಾಡಿದ್ದು ಇಷ್ಟೇ: ದೊಡ್ಡ ಪಂಡಿತನೊಬ್ಬ ನಾಚಿಕೆ ಬಿಟ್ಟು ಅಳಲು ಮನೆಯೊಳಗೆ ಇಲ್ಲದ ಒಂದು ಮರೆಯನ್ನು ಒದಗಿಸಿತು.

6ನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 66ನೆಯ ಅಧ್ಯಾಯ, ನೀರು, ಬೀಸುವ ಗಿರಣಿ ಮತ್ತು ತೋಟ ಮಠದ ಆವರಣದೊಳಗೇ ಇರಬೇಕೆನ್ನುತ್ತದೆ. 48ನೆಯ ಅಧ್ಯಾಯ ಕೈಕೆಲಸಕ್ಕೂ ಓದಿಗೂ ದಿನದ ಹೊತ್ತುಗಳನ್ನು ಹಂಚುತ್ತದೆ. 9ನೆಯ ಶತಮಾನದ ಆರಂಭದ ಒಂದು ಮಠದ ನಕ್ಷೆ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಇಂದಿಗೂ ಇದೆ. ಅದರಲ್ಲಿ ಸನ್ಯಾಸಿಗಳ ಸ್ಮಶಾನವೂ ಹಣ್ಣಿನ ತೋಟವೂ ಒಂದೇ: ಗೋರಿಗಳ ನಡುನಡುವೆ ಸೇಬು, ಪೇರ್, ಅಂಜೂರ, ಹಿಪ್ಪುನೇರಳೆ. ಆ ನಕ್ಷೆಯನ್ನು ನೋಡಿದಾಗಲೆಲ್ಲ ನನಗೆ ನಮ್ಮ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ನೆನಪಾಗುತ್ತದೆ. ಕಾವೇರಿಯ ಬಳಿ ಮರಗಳ ನೆರಳಿನಲ್ಲಿರುವ ಆ ಗೋರಿಗಳಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರನ್ ರೆಜಿಮೆಂಟಿನವರೂ ಇದ್ದಾರೆ. ವಿಷಯಕ್ಕೆ ಸ್ವಲ್ಪ ಹೊರಗಿನ ಮಾತಾಯಿತು, ಇರಲಿ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಗೆ ಸೇವಂತಿಗೆ, ಮೇಣದಬತ್ತಿ ಹಿಡಿದು ಸಮಾಧಿಗೆ ಹೋಗುವ ನಮ್ಮ ಜನರಿಗೆ ಹೂವಿನ ನಡುವೆ ಪುನರುತ್ಥಾನವನ್ನು ನಿರೀಕ್ಷಿಸುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಉಳದೆ ಬಿಡಬೇಕೆಂದು, ಅಲ್ಲಿ ಕಾಡುಹೂಗಳು ತಾವಾಗಿ ಬೆಳೆಯಲೆಂದು ಹೇಳುತ್ತಿದ್ದರಂತೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ಪರಿಸರ ಕುರಿತ ವಿಶ್ವಪತ್ರದಲ್ಲಿ ಇದನ್ನು ಸ್ಮರಿಸಿದ್ದಾರೆ. ನಿಮ್ಮ ಯುವಜನರ ಹುಲ್ಲುಹಾಸಿಗೆ ಇದೇ ನನ್ನ ಉತ್ತರ.

ಉತ್ತರ 2 — ಮಂಡಿ ಮೊಹಲ್ಲಾದಿಂದ

ಗಂಜಾಂನ ಹಿರಿಯರು ಬರೆದದ್ದನ್ನು ಗೌರವದಿಂದ ಓದಿದೆ. ನಾನು ಬೇರೆ ಸಭೆಯವನು, ಆದ್ದರಿಂದ ನನ್ನ ಮಾತಿನ ಧಾಟಿ ಬೇರೆಯಿದ್ದರೆ ಕ್ಷಮಿಸಬೇಕು. ಸಮಿತಿಯಲ್ಲಿ ವಿರೋಧಿಸಿದ ಹಿರಿಯರ ಪರವಾಗಿ ಯಾರಾದರೂ ನಾಲ್ಕು ಮಾತು ಹೇಳಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಸತ್ಯವೇದದಲ್ಲಿ ದೇವರು ಮನುಷ್ಯನನ್ನು ಭೇಟಿಯಾದದ್ದು ತೋಟಗಳಲ್ಲಿ ಮಾತ್ರವಲ್ಲ. ಮೋಶೆಗೆ ಕುರಿ ಕಾಯುವ ಅಡವಿಯಲ್ಲಿ, ಎಲೀಯನಿಗೆ ಬೆಟ್ಟದ ಗುಹೆಯಲ್ಲಿ, ಯೋನನಿಗೆ ಮೀನಿನ ಹೊಟ್ಟೆಯಲ್ಲಿ ಆ ಭೇಟಿ ಆಯಿತು. ಪೌಲ ಸೀಲರು ಮಧ್ಯರಾತ್ರಿ ಸ್ತೋತ್ರ ಹಾಡಿದ್ದು ಫಿಲಿಪ್ಪಿಯ ಸೆರೆಮನೆಯಲ್ಲಿ, ಕಾಲಿಗೆ ಕೋಳ ಬಿಗಿದಿದ್ದಾಗ. ಈ ಬೆಟ್ಟದಲ್ಲಿಯೂ ಅಲ್ಲ, ಯೆರೂಸಲೇಮಿನಲ್ಲಿಯೂ ಅಲ್ಲ ಎಂದು ಕರ್ತನು ಸಮಾರ್ಯದ ಹೆಂಗಸಿಗೆ ಬಾವಿಯ ಬಳಿ ಹೇಳಿದ ಮಾತನ್ನು ಬದಿಗಿಟ್ಟು ತೋಟಕ್ಕೊಂದು ವಿಶೇಷ ಪಾವಿತ್ರ್ಯವನ್ನು ಕೊಡಹೊರಟರೆ ನಿಮ್ಮ ಹಿರಿಯರ ಆಕ್ಷೇಪ ನಿಜವಾಗುತ್ತದೆ. ಇನ್ನೊಂದು ವಿಷಯ: ಸತ್ಯವೇದ ತೋಟದಿಂದ ಆರಂಭವಾದರೂ ತೋಟದಲ್ಲಿ ಮುಗಿಯುವುದಿಲ್ಲ. ಅದರ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳಲ್ಲಿ ಇಳಿದು ಬರುವುದು ಒಂದು ಪಟ್ಟಣ. ಆ ಪಟ್ಟಣದ ಬೀದಿಯ ನಡುವೆ ಜೀವಜಲದ ನದಿ ಹರಿಯುತ್ತದೆ, ಅದರ ದಡದಲ್ಲಿ ತಿಂಗಳು ತಿಂಗಳೂ ಫಲ ಕೊಡುವ ಜೀವವೃಕ್ಷವಿದೆ, ಅದರ ಎಲೆಗಳು ಜನಾಂಗಗಳನ್ನು ವಾಸಿಮಾಡುವುದಕ್ಕೆ. ಬೀದಿಯಿಂದ ಓಡಿಹೋಗಿ ಮರೆಯಾಗುವ ತೋಟವಲ್ಲ ಅದು, ಬೀದಿಯ ನಡುವಿನ ಮರ. ಸಾಧ್ಯವಾದರೆ ನಿಮ್ಮ ಕಾಂಪೌಂಡಿನ ಹಿಂಬಾಗಿಲನ್ನು ತೆರೆದಿಡಿ. ಪಕ್ಕದ ಬೀದಿಯಲ್ಲಿ ತರಕಾರಿ ಗಾಡಿ ತಳ್ಳುವವರೂ ಮಧ್ಯಾಹ್ನ ಅಲ್ಲಿ ಬಂದು ಕುಳಿತುಕೊಳ್ಳುವಂತಾದರೆ ನನ್ನ ತಕರಾರಿನ ಅರ್ಧ ಇಳಿಯುತ್ತದೆ.

ಉಳಿದರ್ಧ ಕೂಲಿಯ ವಿಷಯ. ಅರಸುಗಳು ಮೊದಲನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿ ಅಹಾಬನೆಂಬ ಅರಸ ತನ್ನ ಅರಮನೆಗೆ ಹೊಂದಿಕೊಂಡಿದ್ದ ನಾಬೋತನ ದ್ರಾಕ್ಷಿತೋಟವನ್ನು ಬಯಸಿದ್ದು ಯಾವುದಕ್ಕೆಂದು ನೆನಪಿದೆಯೇ? ಕಾಯಿಪಲ್ಯದ ತೋಟ ಮಾಡುವುದಕ್ಕೆ! ಆ ತೋಟದಾಸೆ ಒಬ್ಬನ ಕೊಲೆಯಲ್ಲಿ ಮುಗಿಯಿತು. ನಿಮ್ಮಲ್ಲಿ ಯಾರ ಜಮೀನೂ ಹೋಗುತ್ತಿಲ್ಲ, ನಿಜ. ಆದರೆ ಬಹಳ ಕಡೆ ನೋಡಿದ್ದೇನೆ: ಉದ್ಘಾಟನೆಯ ದಿನ ಗಣ್ಯರೆಲ್ಲ ಒಂದೊಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಮರುದಿನದಿಂದ ನೀರು ಹಾಕುವುದು, ಕಳೆ ಕೀಳುವುದು, ಕಸ ಗುಡಿಸುವುದು ಎಲ್ಲವೂ ಆವರಣದಲ್ಲಿರುವ ಕಾವಲುಗಾರನ ಕುಟುಂಬದ ತಲೆಗೆ ಬೀಳುತ್ತದೆ, ಸಂಬಳ ಮಾತ್ರ ಹಿಂದಿನಷ್ಟೇ. ಒಬ್ಬರು ಬೆವರು ಸುರಿಸಿ ಇನ್ನೊಬ್ಬರು ಅದರಲ್ಲಿ ಆತ್ಮಿಕ ನವೀಕರಣ ಪಡೆಯುವ ತೋಟಕ್ಕೆ ಆದಿಕಾಂಡದ 2ನೆಯ ಅಧ್ಯಾಯದ 15ನೆಯ ವಚನವನ್ನು ಆಧಾರವಾಗಿ ಕೊಡಬೇಡಿ. ಗುದ್ದಲಿ ಯಾರ ಕೈಯಲ್ಲಿರುತ್ತದೆ ಎಂಬುದು ಟಿಪ್ಪಣಿಯ ಮೊದಲ ಸಾಲಿನಲ್ಲೇ ಇರಲಿ.

ಉತ್ತರ 3 — ಮಂಡ್ಯದ ರೈತ ಮಹಿಳೆ, ತೋಟಗಾರಿಕೆ ಓದಿದವಳು

ಮಂಡಿ ಮೊಹಲ್ಲಾದ ಅಣ್ಣನವರ ಎರಡನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಮೊದಲನೆಯದಕ್ಕೆ ಮುಕ್ಕಾಲು. ಎಲ್ಲಿ ಬೇಕಾದರೂ ಪ್ರಾರ್ಥಿಸಬಹುದೆಂಬುದು ಸರಿ. ಆದರೆ ಕಾಯುವುದನ್ನು ಕಲಿಸುವ ಜಾಗಗಳು ಕಡಿಮೆ, ತೋಟ ಅವುಗಳಲ್ಲೊಂದು. ಲೂಕ 13ನೆಯ ಅಧ್ಯಾಯದ ಅಂಜೂರದ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ನಾನು ಓದುವುದು ಹಾಗೆ. ಯಜಮಾನ ಮೂರು ವರ್ಷ ಹಣ್ಣು ಹುಡುಕಿ ಸಿಗದೆ ಮರವನ್ನು ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಬಿಡಿ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಇದನ್ನು ಹೇಳಿದವರಿಗೆ ಬೇಸಾಯ ಗೊತ್ತಿತ್ತು. ಗೊಬ್ಬರವನ್ನು ಬೊಡ್ಡೆಗೆ ಸುರಿದರೆ ಪ್ರಯೋಜನವಿಲ್ಲ, ಉಣ್ಣುವ ಬೇರುಗಳು ದೂರದಲ್ಲಿರುತ್ತವೆ; ಮರದ ಸುತ್ತ, ಕೊಂಬೆಯ ನೆರಳಿನ ಅಂಚಿನ ಹತ್ತಿರ ಪಾತಿ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ಮಣ್ಣೆಳೆಯಬೇಕು. ಯಾಜಕಕಾಂಡದ 19ನೆಯ ಅಧ್ಯಾಯವೂ ಇದೇ ತಾಳ್ಮೆಯನ್ನು ಹೇಳುತ್ತದೆ: ನೆಟ್ಟ ಮರದ ಹಣ್ಣನ್ನು ಮೂರು ವರ್ಷ ತಿನ್ನಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ, ಐದನೆಯ ವರ್ಷ ನಿಮಗೆ. ಇಷ್ಟು ವರ್ಷ ಕಾಯುವ ಮನಸ್ಸು ಸಮಿತಿಗೆ ಇದೆಯೇ ಎಂದು ಕೇಳಿ ನೋಡಿ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬೈಬಲ್ ಗಿಡಗಳು ಎಂದು ಫಲಕ ಹಾಕಿ ಓಲಿವ್ ಸಸಿ ತರಿಸುವ ಉತ್ಸಾಹ ಯಾರಿಗಾದರೂ ಬಂದೇ ಬರುತ್ತದೆ. ಓಲಿವ್ ಹೂ ಬಿಡಲು ಚಳಿಗಾಲದ ತಣುವು ಬೇಕು; ನಮ್ಮ ಕಡೆ ಗಿಡ ಬದುಕಿದರೂ ಕಾಯಿಯ ಆಸೆ ಇಟ್ಟುಕೊಳ್ಳಬೇಡಿ. ಅದರ ಬದಲು ಅಂಜೂರ ನೆಡಿ, ಅದೂ ಶ್ರೀರಂಗಪಟ್ಟಣದ ಗಂಜಾಂ ಅಂಜೂರ. ಒಂದು ಕಾಲಕ್ಕೆ ಹೆಸರಾಗಿದ್ದ ಆ ತಳಿಯನ್ನು ಈಗ ಬೆಳೆಯುವವರು ಕಡಿಮೆ. ಟಿಪ್ಪು ಮಡಿದ ನಂತರದ ವರ್ಷಗಳಲ್ಲಿ ಫ್ರೆಂಚ್ ಗುರು ಅಬ್ಬೆ ದುಬಾಯ್ ಕಟ್ಟಿಸಿದ ಚರ್ಚೂ ಅದೇ ಗಂಜಾಂನಲ್ಲಿದೆ. ಉತ್ತರ ಬರೆದ ಹಿರಿಯರು ತಮ್ಮ ಊರಿನ ಈ ಎರಡನ್ನೂ ಹೇಳದೆ ಮಿಲಾನಿನ ಅಂಜೂರಕ್ಕೆ ಹೋದದ್ದು ನನಗೆ ಸ್ವಲ್ಪ ತಮಾಷೆಯೆನಿಸಿತು. ಅಂಜೂರದ ಜೊತೆಗೆ ದಾಳಿಂಬೆ ನಮ್ಮ ಬಿಸಿಲಿಗೆ ಚೆನ್ನಾಗಿ ಬರುತ್ತದೆ. ಉಳಿದಂತೆ ನಮ್ಮವೇ ಆದ ಪಾರಿಜಾತ, ನಂದಿಬಟ್ಟಲು, ಸಂಪಿಗೆ, ಒಂದು ಮೂಲೆಯಲ್ಲಿ ಮೈಸೂರು ಮಲ್ಲಿಗೆ ಇದ್ದರೆ ಸಾಕು. ಕಣಗಿಲೆ ಬೇಡ, ಹೂವು ಚೆಂದವಾದರೂ ಗಿಡವೆಲ್ಲ ವಿಷ, ಭಾನುವಾರದ ತರಗತಿಯ ಮಕ್ಕಳು ಅಲ್ಲೇ ಆಡುತ್ತಾರೆ.

ಹೊಂಗೆ ಮರಕ್ಕೆ ದಯವಿಟ್ಟು ಕೊಡಲಿ ಹಾಕಬೇಡಿ. ಪಾಸ್ಖಕ್ಕೆ ಮುಂಚಿನ ನಮ್ಮ ತಪಸ್ಸುಕಾಲವನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಮರವಿಲ್ಲ. ಯೂರೋಪಿನವರಿಗೆ ಪಾಸ್ಖ ಹಿಮ ಕರಗಿದ ಮೇಲೆ ಬರುವ ಹಬ್ಬ, ಅವರ ಹಾಡು ಚಿತ್ರಗಳೆಲ್ಲ ಹಾಗೆಯೇ ಇವೆ, ನಾವೂ ಅವನ್ನೇ ಎರವಲು ತಂದು ಹಂಚುತ್ತೇವೆ. ನಮ್ಮಲ್ಲಿ ಅದು ಬರುವುದು ಬಿರುಬಿಸಿಲಿಗೆ. ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೆ ಹೊಂಗೆಯ ಹಳೆಯ ಎಲೆಗಳು ಹಳದಿಯಾಗಿ ಉದುರಲು ತೊಡಗಿರುತ್ತವೆ. ನಾಲೆಯ ನೀರು ನಿಂತು ಗದ್ದೆ ಬಾಯಿಬಿಟ್ಟಿರುವ ಮಾರ್ಚ್ ಏಪ್ರಿಲ್‌ನಲ್ಲಿ, ಒಂದು ಹನಿ ಮಳೆ ಬೀಳುವ ಮೊದಲೇ, ಮರವೆಲ್ಲ ಎಣ್ಣೆ ಸವರಿದಂತೆ ಮಿರುಗುವ ಎಳೆಹಸಿರು ಚಿಗುರು ತಳೆಯುತ್ತದೆ. ಬೇವು ಹೂ ಬಿಡುವುದೂ ಆಗಲೇ. ಒಣಗಿದ ನೆಲದಲ್ಲಿ ಹಸಿರು ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ ಯೆರೆಮೀಯನ 17ನೆಯ ಅಧ್ಯಾಯದ ಮರವನ್ನು ತೋರಿಸಿ. ಬೇರು ನೀರಿನ ಕಡೆಗೆ ಚಾಚಿಕೊಂಡಿರುವುದರಿಂದ ಬರಗಾಲದಲ್ಲಿಯೂ ಅದಕ್ಕೆ ಚಿಂತೆಯಿಲ್ಲ ಎಂದಿದೆ ಅಲ್ಲಿ. ಯೇಸುವಿನ ಯಾತನೆಯನ್ನು ಧ್ಯಾನಿಸುತ್ತ ನಡೆಯುವ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಈ ಮರದ ಸುತ್ತ ಒಂದು ಬಳಸು ಹಾದಿಯಾಗಿ ಜೋಡಿಸಬಹುದು. ಹಾದಿ ಗಾಲಿಕುರ್ಚಿ ತಿರುಗುವಷ್ಟು ಅಗಲವಿರಲಿ, ಮೆಟ್ಟಿಲು ಬೇಡವೇ ಬೇಡ.

ಕಾರಂಜಿಯ ಬಗ್ಗೆ: ಬೃಂದಾವನವನ್ನು 1927ರಿಂದ 1932ರವರೆಗೆ ಕಟ್ಟಿದವರಿಗೆ ಬೆನ್ನ ಹಿಂದೆ ಇಡೀ ಕನ್ನಂಬಾಡಿ ಜಲಾಶಯವಿತ್ತು, ನಿಮಗಿರುವುದು ಬಹುಶಃ ಒಂದು ಬೋರ್‌ವೆಲ್. ಕಾರಂಜಿಯ ದುಡ್ಡಿನಲ್ಲಿ ಚರ್ಚಿನ ಚಾವಣಿಯ ಮಳೆನೀರು ಹಿಡಿಯಲು ಒಂದು ತೊಟ್ಟಿ ಕಟ್ಟಿಸಿ. ನೂರು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಸೋರಿದ್ದು, ಆವಿಯಾದದ್ದು ಕಳೆದರೂ ಮುಂಗಾರಿಗೆ ಮುಂಚಿನ ಮೇ ತಿಂಗಳ ಮಳೆಗಳಲ್ಲೇ ಸಸಿಗಳಿಗೆ ಸಾಕಷ್ಟು ಸಿಗುತ್ತದೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು. ಅದರಿಂದ ಚರ್ಮ ಕೆರೆತ, ಉಬ್ಬಸ ಬರುವವರಿದ್ದಾರೆ, ಅವರನ್ನು ಆ ದಿನ ಬೇರೆ ಕೆಲಸಕ್ಕೆ ಹಚ್ಚಿ.

ಉತ್ತರ 4 — ಮೈಸೂರಿನ ಶುಶ್ರೂಷಕಿ

ನನ್ನದು ಚಿಕ್ಕ ಮಾತು. ನಾನು ರೋಗಿಗಳ ಮನೆಯವರನ್ನು ದಿನವೂ ನೋಡುವವಳು. ಅಳು ಬಂದವರು ವಾರ್ಡಿನಲ್ಲಿ ಅಳುವುದಿಲ್ಲ, ಪೀಠದ ಮುಂದೆಯೂ ಅಳುವುದಿಲ್ಲ. ಹೊರಗೆ ಬಂದು, ವಾಹನ ನಿಲ್ಲಿಸುವ ಕಡೆ ಗೋಡೆಗೆ ಮುಖಮಾಡಿ ನಿಂತು ಅಳುತ್ತಾರೆ. ಸಂತ ಅಗಸ್ಟೀನರ ಬಗ್ಗೆ ಹಿರಿಯರು ಬರೆದದ್ದನ್ನು ಓದಿ ಇದು ನೆನಪಾಯಿತು. ನಿಮ್ಮ ತೋಟದಲ್ಲಿ ಒಂದು ಬೆಂಚಾದರೂ ಹಾದಿಗೆ ಬೆನ್ನು ಮಾಡಿ ಇರಲಿ. ಯಾರಾದರೂ ಅಲ್ಲಿ ಕುಳಿತಿದ್ದರೆ ಹೋಗಿ ಮಾತನಾಡಿಸಬಾರದೆಂಬ ರೂಢಿಯೂ ಬೆಳೆಯಲಿ, ಏಕೆಂದರೆ ನಮ್ಮ ಜನಕ್ಕೆ ಒಬ್ಬರು ಸುಮ್ಮನೆ ಕುಳಿತಿರುವುದನ್ನು ನೋಡಿದರೆ ಏನಾಯಿತಮ್ಮ ಎಂದು ಕೇಳದೆ ಸಮಾಧಾನವಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ನನ್ನಂಥವರಿಗಾಗಿ ಬೆಳಗಿನ ಪೂಜೆಗೆ ಮುಂಚೆಯೇ ಬಾಗಿಲು ತೆರೆದರೆ ಇನ್ನೂ ಉಪಕಾರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮುದ್ರಿಸಿ, ಸಮಿತಿಯಲ್ಲಿ ವಿರೋಧಿಸಿದ ಹಿರಿಯರ ಮನೆಗೇ ಹೋಗಿ ಕೊಟ್ಟು ಬಂದೆ. ಅವರು ಎರಡನೆಯ ಉತ್ತರವನ್ನು ಎರಡು ಸಲ ಓದಿ, ವಾಹನ ನಿಲ್ಲಿಸುವ ವಿಷಯದಲ್ಲಿ ತಮ್ಮ ಮಾತು ಹಾಗೆಯೇ ಇರುತ್ತದೆಂದರು; ಸ್ಟೋರ್ ರೂಮಿನ ಮುಂದಿನ ಪಟ್ಟಿಯನ್ನು ವಾಹನಗಳಿಗೆ ಬಿಟ್ಟುಕೊಟ್ಟರೆ ಉಳಿದುದಕ್ಕೆ ತಾವು ಅಡ್ಡಬರುವುದಿಲ್ಲವೆಂದೂ ಹೇಳಿದರು. ತೋಟದ ಕೆಲಸವನ್ನು ವಾರ್ಡುವಾರು ಪಾಳಿಯಲ್ಲಿ, ಶನಿವಾರ ಸಂಜೆ ಶಿಲುಬೆಯ ಹಾದಿಯ ಬಳಸು ದಾರಿಯಿಂದಲೇ ಆರಂಭಿಸಿ, ಸದಸ್ಯರೇ ಮಾಡಬೇಕು. ಕಾವಲುಗಾರರಿಂದ ಹೆಚ್ಚಿನ ಕೆಲಸ ಪಡೆದರೆ ಅದಕ್ಕೆ ಬೇರೆ ಕೂಲಿ ಕೊಡಬೇಕು ಎಂದು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಒಂದು ಮೂಲೆಯನ್ನು ಉಳದೆ ಬಿಡುವುದಕ್ಕೆ ಯುವಜನರು ಒಪ್ಪಿದ್ದಾರೆ, ಕಮಾನಿನ ಆಸೆಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಹಿಂಬಾಗಿಲನ್ನು ಬೀದಿಗೆ ತೆರೆಯುವ ಬಗ್ಗೆ ಗುರುಗಳು ಯೋಚಿಸಿ ಹೇಳುತ್ತೇನೆಂದಿದ್ದಾರೆ.

ಮಂಡ್ಯದ ಅಕ್ಕನವರಿಗೆ ಒಂದು ಪ್ರಶ್ನೆ ಉಳಿದಿದೆ: ಗಂಜಾಂ ಅಂಜೂರದ ಸಸಿಯನ್ನು ನರ್ಸರಿಯಿಂದ ತರಬೇಕೇ, ಅಥವಾ ಹಳೆಯ ಮರದಿಂದ ನಾವೇ ಮಾಡಿಕೊಳ್ಳಬಹುದೇ?

ಮಂಡ್ಯದ ರೈತ ಮಹಿಳೆ

ಕಡ್ಡಿಯಿಂದಲೇ ಮಾಡಿಕೊಳ್ಳಿ, ತಳಿ ಅದೇ ಉಳಿಯುತ್ತದೆ. ಬೆಳೆದಿರುವವರನ್ನು ಕೇಳಿ, ಬಲಿತ ಕೊಂಬೆಯಲ್ಲಿ ಬೆರಳು ಗಾತ್ರದ, ಒಂದು ಗೇಣಿನಷ್ಟು ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ಕಡ್ಡಿಗಳನ್ನು ಆರಿಸಿಕೊಳ್ಳಿ. ಕತ್ತರಿಸುವಾಗ ಒಸರುವ ಹಾಲು ಚರ್ಮಕ್ಕೆ ತಾಗಿದರೆ ಉರಿಯುತ್ತದೆ, ಜೋಪಾನ. ಮರಳು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲಗಳಲ್ಲಿ ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಟ್ಟು, ಹೊಂಗೆಯ ನೆರಳಿನಲ್ಲಿಡಿ. ಎಲೆ ಬಂದ ಮಾತ್ರಕ್ಕೆ ಬೇರು ಬಂದಿದೆ ಎಂದುಕೊಂಡು ಅವಸರದಲ್ಲಿ ನೆಲಕ್ಕೆ ಹಾಕಬೇಡಿ. ಚೀಲದ ತಳದಲ್ಲಿ ಬಿಳಿ ಬೇರು ಕಾಣಿಸಿಕೊಂಡ ಮೇಲೆ ನೆಡಿ. ಹಣ್ಣು ಹೊಸ ರೆಂಬೆಯಲ್ಲಿ ಬರುವುದರಿಂದ ವರ್ಷಕ್ಕೊಮ್ಮೆ, ಎಲೆ ಉದುರಿ ಹೊಸ ಚಿಗುರು ಬರುವ ಮೊದಲು ಕೊಂಬೆಗಳನ್ನು ಕತ್ತರಿಸಿ ಸವರಬೇಕು. ಮಳೆಗಾಲದಲ್ಲಿ ಎಲೆಯ ಹಿಂಬದಿಯಲ್ಲಿ ತುಕ್ಕು ರೋಗ ಕಾಣಿಸಿದರೆ ಆ ಎಲೆಗಳನ್ನು ಆರಿಸಿ ಸುಟ್ಟುಹಾಕಿ. ಕಡ್ಡಿಗಳು ಹತ್ತು ಬೇಕಾದರೆ ಹದಿನೈದು ನೆಡಿ, ಎಲ್ಲವೂ ಹಿಡಿಯುವುದಿಲ್ಲ.